ಪ್ರತಿಕ್ರಿಯೆ: ಜುಲೈನಲ್ಲಿ ಕಣಕುಂಬಿ ಸರಿ, ಭೀಮಗಡ ಬೇಡ

ವಿಜಯಪುರದಿಂದ ಜುಲೈನಲ್ಲಿ ಬಂದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿ, ಭೀಮಗಡ ಎರಡನ್ನೂ ನೋಡಬಹುದೇ ಎಂದು ಕೇಳಿದ್ದೀರಿ. ಕಣಕುಂಬಿಗೆ ಧಾರಾಳವಾಗಿ ಹೋಗ್ರಿ. ಬೆಳಗಾವಿಯಿಂದ ಜಾಂಬೋಟಿ ಮೇಲಿನ ಚೋರ್ಲಾ ಘಾಟ್ ರಸ್ತೆ. ಮಲಪ್ರಭೆ ಹುಟ್ಟುವ ಜಾಗ ಊರಲ್ಲೇ ಇದೆ. ಆ ನೀರು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಅದೇ ಗುಡ್ಡಸಾಲಿನ ಮಹದಾಯಿ ಮಾತ್ರ ಪಶ್ಚಿಮಕ್ಕೆ, ಗೋವಾಕ್ಕೆ. ಅಥಣಿಯ ಒಣ ಹೊಲವೂ ಈ ಜಡಿಮಳೆಯ ಕಾಡೂ ಒಂದೇ ಜಿಲ್ಲೆಯವು ಎಂದರೆ ಹೊರಗಿನವರು ನಂಬುವುದಿಲ್ಲ.

ಭೀಮಗಡ 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಮಳೆಗಾಲದಲ್ಲಿ ತೊಂದರೆ ಹುಲಿ-ಕರಡಿಗಿಂತ ಹಳ್ಳಗಳದ್ದು: ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಮೇಲೆ ಸುರಿದರೆ ಮಧ್ಯಾಹ್ನಕ್ಕೆ ಎದೆಯುದ್ದವಾಗುತ್ತದೆ, ವಾಪಸ್ ದಾರಿ ಮುಚ್ಚುತ್ತದೆ. ಗವಾಳಿಯಂಥ ಒಳಗಿನ ಊರಿನವರು ಜೂನ್‌ಗೆ ಮೊದಲೇ ದಿನಸಿ, ಸೌದೆ, ಮೇವು ಕೂಡಿಡುತ್ತಾರೆ. ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರುವ ಪಾಡು ಇನ್ನೂ ತಪ್ಪಿಲ್ಲ. ಅವರ ಮನೆಮಾತು ಹೆಚ್ಚಾಗಿ ಮರಾಠಿ, ಕೊಂಕಣಿ. ಫೋಟೋ ತೆಗೆಯುವ ಮೊದಲು ಕೇಳಿ.

ಜಿಗಣೆಗೆ ಉದ್ದ ಕಾಲುಚೀಲ, ಉಪ್ಪಿನ ಗಂಟು ಸಾಕು. ಪೆಟ್ರೋಲ್ ಬೆಳಗಾವಿಯಲ್ಲೇ ತುಂಬಿಸಿ. ಮೊಬೈಲ್ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಭೀಮಗಡದ ಕಡೆ ನವೆಂಬರ್ ನಂತರ ಬನ್ನಿ.