ಅಮೆರಿಕದಲ್ಲಿ ಸ್ಪ್ಯಾನಿಷ್ ಬಾರದವರೂ ಫುಟ್‌ಬಾಲ್ ನೋಡಲು ಸ್ಪ್ಯಾನಿಷ್ ಚಾನೆಲ್ ಹಾಕುವುದು ಯಾಕೆ?

ಮುಖ್ಯ ಕಾರಣ ದುಡ್ಡು. ಯೂನಿವಿಷನ್, ಟೆಲಿಮುಂಡೊ ಎರಡೂ ಆಂಟೆನಾ ಇದ್ದರೆ ಪುಕ್ಕಟೆ ಸಿಗುವ ಸ್ಪ್ಯಾನಿಷ್ ಚಾನೆಲ್‌ಗಳು. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ 56 ಟೆಲಿಮುಂಡೊದಲ್ಲೇ ಬಂದವು. ಇಂಗ್ಲಿಷ್‌ನಲ್ಲಿ ಪುಕ್ಕಟೆಯ ಫಾಕ್ಸ್ ಚಾನೆಲ್‌ನಲ್ಲಿ ಬಂದದ್ದು ಸುಮಾರು ಅರ್ಧದಷ್ಟು. ಉಳಿದದ್ದಕ್ಕೆ ದುಡ್ಡು ಕೊಡಬೇಕಾದ ಎಫ್‌ಎಸ್1 ಅನ್ನುವ ಕೇಬಲ್ ಚಾನೆಲ್ ಬೇಕಿತ್ತು. ಕೇಬಲ್ ಬಿಲ್ ಬೇಡ ಅನ್ನುವವರು ಭಾಷೆ ನೋಡುತ್ತಾ ಕೂರಲ್ಲ, ಅಲ್ವಾ?

ಇದು ಹಳೆಯ ಅಭ್ಯಾಸವೂ ಹೌದು. ಒಂದು ಕಾಲದಲ್ಲಿ ಅಲ್ಲಿನ ಇಂಗ್ಲಿಷ್ ಚಾನೆಲ್‌ಗಳಿಗೆ ಈ ಆಟ ಅಂದರೆ ಅಷ್ಟಕ್ಕಷ್ಟೆ. 1990ರ ವಿಶ್ವಕಪ್ ತೋರಿಸಿದ ಟಿಎನ್‌ಟಿ, ಆಟ ನಡೆಯುತ್ತಿರುವಾಗಲೇ ಜಾಹೀರಾತು ಹಾಕುತ್ತಿತ್ತು. ಕ್ರಿಕೆಟ್‌ನಲ್ಲಾದರೆ ಓವರ್ ಮುಗಿದ ಮೇಲೆ ಬಿಡುವು ಸಿಗುತ್ತದೆ. ಇಲ್ಲಿ 45 ನಿಮಿಷ ಹಾಗೆ ಬಿಡುವು ಸಿಗುವುದು ಕಷ್ಟ. ಆ ಕಡೆ ಸೋಪಿನ ಜಾಹೀರಾತು, ಈ ಕಡೆ ಗೋಲು ಆಗಿಹೋದರೆ ಯಾರಿಗೆ ತಾನೆ ಸಿಟ್ಟು ಬರಲ್ಲ?

ಇನ್ನು ಕಾಮೆಂಟ್ರಿ. ಅರ್ಜೆಂಟೀನಾದಲ್ಲಿ ಹುಟ್ಟಿದ ಆಂಡ್ರೆಸ್ ಕಾಂಟೋರ್ ಯೂನಿವಿಷನ್‌ನಲ್ಲಿ ಉಸಿರು ಬಿಡದೆ ‘ಗೋ...ಲ್’ ಅಂತ ಕೂಗುತ್ತಿದ್ದದ್ದು 1994ರ ವಿಶ್ವಕಪ್ ವೇಳೆಗೆ ಅಲ್ಲಿನ ಇಂಗ್ಲಿಷ್ ಮಾತಾಡುವವರಲ್ಲೂ ಮನೆಮಾತಾಯಿತು. ಆಟಗಾರರ ಹೆಸರು ತಿಳಿದರೆ ಸಾಕು, ದನಿ ಏರುವುದನ್ನು ಕೇಳಿಯೇ ಚೆಂಡು ಗೋಲಿನ ಹತ್ತಿರ ಬಂತು ಅಂತ ಗೊತ್ತಾಗುತ್ತದೆ. ನನಗಂತೂ ಅಂಕಿಅಂಶ ಒಪ್ಪಿಸುವ ಕಾಮೆಂಟ್ರಿಗಿಂತ ಇದೇ ಇಷ್ಟ.

ಮೆಕ್ಸಿಕೋದ ಫುಟ್‌ಬಾಲ್ ಲೀಗ್ ಆದ ಲೀಗಾ ಎಂಎಕ್ಸ್ ನೋಡುವವರಿಗಂತೂ ಹೆಚ್ಚು ಆಯ್ಕೆ ಇಲ್ಲ. ಅಮೆರಿಕದಲ್ಲಿ ಅದರ ಪಂದ್ಯಗಳು ಜಾಸ್ತಿ ಬರುವುದೇ ಸ್ಪ್ಯಾನಿಷ್ ಚಾನೆಲ್‌ಗಳಲ್ಲಿ.