ಚೊಚ್ಚಲ ಬಾಣಂತಿಯ ಹಾಲು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಆರು ತಿಂಗಳವರೆಗೆ ಮಗುವಿಗೆ ಎದೆಹಾಲನ್ನು ಮಾತ್ರ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ದಾವಣಗೆರೆಯ ಕಡೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ; ಸಿಸೇರಿಯನ್ ಆಗಿ ಹನ್ನೆರಡು ದಿನವಾಗಿದೆ; ಎರಡನೆಯ ದಿನವೇ ಆಸ್ಪತ್ರೆಯಲ್ಲಿ ಪುಡಿಹಾಲು ಆರಂಭಿಸಿದರು; ಈಗ ಎದೆಗೆ ಹಾಕಿದರೆ ಮಗು ಮುಖ ತಿರುಗಿಸಿ ಅಳುತ್ತದೆ; ನಮ್ಮ ಲೇಖನವನ್ನು ಓದಿದ ಮಗಳು ತಾನು ತಾಯಿಯಾಗಲು ಲಾಯಕ್ಕಿಲ್ಲವೆಂದು ಮಗುವಿಗಿಂತ ಹೆಚ್ಚು ಅಳುತ್ತಾಳೆ ಎಂದು ತಿಳಿಸಿದ್ದೀರಿ. ನಾಲ್ಕು ಮಕ್ಕಳಿಗೆ ಜೇನು ನೆಕ್ಕಿಸಿ, ಸಕ್ಕರೆ ನೀರು ಕುಡಿಸಿ ಬೆಳೆಸಿದ ನಿಮಗೆ, ಇಂಥ ಬೇಸಿಗೆಯಲ್ಲೂ ಹನಿ ನೀರು ಕೂಡದೆಂಬ ಮಾತು ಒಪ್ಪಿಗೆಯಾಗಿಲ್ಲ. ‘ಬರೆಯುವುದು ಸುಲಭ, ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಂಡು ತಿರುಗುವವರು ಯಾರು?’ ಎಂದು ಕೇಳಿದ್ದೀರಿ.

ಈ ಪ್ರಶ್ನೆ ನ್ಯಾಯವಾದದ್ದು. ಲೇಖನದಲ್ಲಿದ್ದ ವೈದ್ಯಕೀಯ ವಿಷಯವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅದರ ಪ್ರತಿಯೊಂದು ವಾಕ್ಯವೂ ‘ತಾಯಿ ಹೀಗೆ ಮಾಡತಕ್ಕದ್ದು’ ಎಂದು ಬಾಣಂತಿಯೊಬ್ಬಳನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿತ್ತು. ಆ ಮಾತನ್ನು ಮನೆಯವರಿಗೆ ಮತ್ತು ಹೆರಿಗೆ ಮಾಡಿಸುವವರಿಗೆ ಹೇಳಬೇಕಾಗಿತ್ತು. ಅಚ್ಚಿಗೆ ಹೋಗುವ ಮುನ್ನ ಅದನ್ನು ಓದಿದವಳು ನಾನೇ ಆದ್ದರಿಂದ ತಪ್ಪು ನನ್ನದು.

ನನ್ನ ಚೊಚ್ಚಲ ಬಾಣಂತನದ ಎರಡನೆಯ ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೊಲಿಗೆಯ ನೋವಿಗೆ ಮಗ್ಗುಲು ಬದಲಿಸಲಾಗದೆ ಮಲಗಿದ್ದೆ. ಮಗು ಹತ್ತು ನಿಮಿಷ ಚೀಪಿ, ಬಿಟ್ಟು, ಮತ್ತೆ ಅಳುತ್ತಿತ್ತು. ನರ್ಸ್ ಬಂದವರು ನನ್ನ ಎದೆಯನ್ನು ಒಮ್ಮೆ ಒತ್ತಿ ನೋಡಿ, ‘ಏನೂ ಇಲ್ಲ’ ಎಂದು ನಮ್ಮ ಅತ್ತೆಯವರಿಗೆ ಹೇಳಿ ಹೋದರು, ನನಗೆ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ಒಳಲೆಯ ತುಂಬ ಪುಡಿಹಾಲು ಬಂತು. ಮಗು ಗುಟುಗುಟು ಕುಡಿದು ನಾಲ್ಕು ಗಂಟೆ ನಿದ್ದೆ ಮಾಡಿತು, ಕೋಣೆಯಲ್ಲಿದ್ದವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಆ ನಾಲ್ಕು ಗಂಟೆಗಳ ನಿದ್ದೆಯಲ್ಲಿ ಏನು ನಡೆಯಿತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಹೆರಿಗೆಯಾದ ಮೊದಲ ದಿನ ಎದೆಯಲ್ಲಿ ಹಾಲು ತುಂಬಿ ತುಳುಕುವುದಿಲ್ಲ. ಹೊತ್ತಿಗೆ ಒಂದೆರಡು ಚಮಚಕ್ಕೂ ಕಡಿಮೆ, ದಪ್ಪನೆಯ, ಹಳದಿ ಬಣ್ಣದ ಗಿಣ್ಣುಹಾಲು ಬರುತ್ತದೆ. ಆ ಹೊತ್ತಿಗೆ ಮಗುವಿಗೆ ಬೇಕಾದದ್ದೂ ಅಷ್ಟೇ. ಹೇರಳವಾಗಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ. ಚೊಚ್ಚಲ ಹೆರಿಗೆಯವರಿಗೆ ಇದು ತುಸು ನಿಧಾನ, ಸಿಸೇರಿಯನ್ ಆದವರಿಗೆ ಇನ್ನೂ ತುಸು ನಿಧಾನ. ನಿಮ್ಮ ಮಗಳ ಪಾಲಿಗೆ ಎರಡೂ ಬಂದಿವೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ಉತ್ಪತ್ತಿ ಮಾಡಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಎಷ್ಟು ಹಾಲು ಖಾಲಿಯಾಗುತ್ತದೆಯೋ ಅಷ್ಟು ಮತ್ತೆ ತುಂಬುತ್ತದೆ; ಖಾಲಿಯಾಗದೆ ನಿಂತರೆ, ಇನ್ನು ಬೇಡವೆಂಬ ಸೂಚನೆ ಎದೆಗೆ ಸಿಗುತ್ತದೆ. ಹೊಟ್ಟೆ ತುಂಬ ಪುಡಿಹಾಲು ಕುಡಿದು ಮಲಗಿದ ಮಗು ಆ ಹೊತ್ತಿನ ಚೀಪುವಿಕೆಯನ್ನು ತಪ್ಪಿಸಿಕೊಳ್ಳುತ್ತದೆ, ಅದೂ ಪ್ರೊಲ್ಯಾಕ್ಟಿನ್ ಹೆಚ್ಚಾಗಿರುವ ರಾತ್ರಿಯ ವೇಳೆಯಲ್ಲಿ. ಹೀಗೆ ‘ಹಾಲು ಸಾಲದು’ ಎಂದು ಕೊಟ್ಟ ಪುಡಿಯೇ ನಾಲ್ಕು ದಿನದಲ್ಲಿ ಆ ಮಾತನ್ನು ನಿಜ ಮಾಡಿಬಿಡುತ್ತದೆ. ಆತಂಕ ಮತ್ತು ನೋವು ಹಾಲಿನ ಹರಿವನ್ನು ತಡೆಯುತ್ತವೆಯಾದ್ದರಿಂದ, ಬಾಣಂತಿಯ ಮುಂದೆ ದಿನಕ್ಕೆ ಹತ್ತು ಬಾರಿ ಆ ಮಾತನ್ನು ಆಡುವುದೂ ಸಣ್ಣ ತೊಂದರೆಯಲ್ಲ.

ಗಿಣ್ಣಿನ ಮಾತು ಬಂದದ್ದರಿಂದ ಹೇಳುತ್ತೇನೆ. ಹಸು ಕರು ಹಾಕಿದಾಗ ಕರುವಿಗೆ ಮೊದಲ ಹಾಲು ತಪ್ಪದಂತೆ ನೋಡಿಕೊಂಡು, ಮಿಕ್ಕಿದ್ದನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಹೊರೆಗೆಲ್ಲ ಹಂಚುವ ನಾವು, ಹೆತ್ತವಳ ಗಿಣ್ಣನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಿದ್ದೆವು. ಈಗಲೂ ಕೆಲವು ಮನೆಗಳಲ್ಲಿ ಹಾಗೆ ಮಾಡುತ್ತಾರೆ. ರೋಗನಿರೋಧಕ ಅಂಶಗಳು ದಟ್ಟವಾಗಿರುವುದು ಆ ಹಾಲಿನಲ್ಲಿಯೇ.

ಜೇನಿನ ವಿಷಯದಲ್ಲಿ ನಾನು ನಿಮಗೆ ಒಪ್ಪಿಗೆ ಕೊಡಲಾರೆ. ನಿಮ್ಮ ನಾಲ್ಕೂ ಮಕ್ಕಳು ಚೆನ್ನಾಗಿ ಬೆಳೆದದ್ದು ಸಂತೋಷ, ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ಬಾಟುಲಿಸಮ್ ಎಂಬ ಕಾಯಿಲೆ ತರಬಲ್ಲವು. ಅದು ಅಪರೂಪ, ಆದರೆ ಬಂದರೆ ಮಗುವಿನ ಸ್ನಾಯುಗಳೇ ಸೋತುಹೋಗುತ್ತವೆ. ನೀರಿನ ಪ್ರಶ್ನೆಗೆ ಉತ್ತರ ಸುಲಭ: ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಸೆಕೆಯಿದ್ದರೆ ಮಗು ಹೆಚ್ಚು ಸಲ ಹಾಲು ಕೇಳುತ್ತದೆ, ಕೊಟ್ಟರೆ ಸಾಕು. ನೀರು ಬೇಕಾಗಿರುವುದು ನಿಮ್ಮ ಮಗಳಿಗೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ಲೋಟವನ್ನು ದೂರ ಇಡುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಅದನ್ನು ಕೈಬಿಡಿ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಇವೂ ಬೇಡ.

ಈಗ ನಿಮ್ಮ ಮನೆಯ ಸಂಗತಿಗೆ ಬರೋಣ. ಹನ್ನೆರಡು ದಿನವಾದ ಮಾತ್ರಕ್ಕೆ ಬಾಗಿಲು ಮುಚ್ಚಿಲ್ಲ. ಮೊದಲು ಮಗುವನ್ನು ವೈದ್ಯರ ಬಳಿ ಕರೆದೊಯ್ದು ತೂಕ ಮಾಡಿಸಿ. ಹುಟ್ಟಿದ ಕೆಲವು ದಿನ ಮಗುವಿನ ತೂಕ ತುಸು ಇಳಿಯುವುದು ಸಹಜ. ಸುಮಾರು ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿರಬೇಕು. ಪುಡಿಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ, ಉಳಿತಾಯಕ್ಕೆಂದು ಹೆಚ್ಚು ನೀರು ಬೆರೆಸಲೂ ಬೇಡಿ. ಪ್ರತಿ ಸಲವೂ ಮೊದಲು ಎದೆಗೆ ಹಾಕಿ, ಆಮೇಲೆ ಪುಡಿಹಾಲನ್ನು ಬಾಟಲಿಯ ಬದಲು ಒಳಲೆಯಲ್ಲಿ ಕೊಡಿ. ಹಾಲು ಏರಿದಂತೆ ವೈದ್ಯರ ಸಲಹೆಯಂತೆ ಅದನ್ನು ಇಳಿಸುತ್ತ ಬನ್ನಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಗೆ ಹಾಕಬೇಕಾಗುತ್ತದೆ. ಮಗು ತೊಟ್ಟನ್ನು ಮಾತ್ರ ಕಚ್ಚಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ಬಾಯಿ ಅಗಲವಾಗಿ ತೆರೆದು, ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಒಳಗೆ ಹೋಗಿರಬೇಕು. ಇದನ್ನು ಓದಿ ಕಲಿಯುವುದು ಕಷ್ಟ, ಪಕ್ಕದಲ್ಲಿ ಕೂತು ತೋರಿಸಿದರೆ ಎರಡು ದಿನದ ಕೆಲಸ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೂ 42 ದಿನಗಳೊಳಗೆ ಆರು ಸಲ ಆಶಾ ಕಾರ್ಯಕರ್ತೆಯರು ಭೇಟಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ಊರಿನವರನ್ನು ಕರೆಸಿ, ಅವರೆದುರೇ ಹಾಲೂಡಿಸಲು ಮಗಳಿಗೆ ಹೇಳಿ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಸಂಜೆಯ ಹೊತ್ತು ಮೇಲಿಂದ ಮೇಲೆ ಎದೆ ಕೇಳುವುದು ಎಳೆಮಕ್ಕಳ ಸ್ವಭಾವ. ಐದಾರು ದಿನ ಕಳೆದ, ಎದೆಹಾಲನ್ನೇ ಕುಡಿಯುವ ಮಗು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡಿ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮಗು ಮಂಕಾಗಿ ಹಾಲಿಗೂ ಏಳದಿದ್ದರೆ, ಮೂತ್ರ ತೀರ ಕಡಿಮೆಯಾದರೆ, ಜ್ವರ ಬಂದರೆ, ಹಳದಿ ಬಣ್ಣ ಹೆಚ್ಚಾದರೆ ಮಾತ್ರ ಮನೆಮದ್ದಿಗೆ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ಎಲ್ಲ ಪ್ರಯತ್ನದ ನಂತರವೂ ನಿಜಕ್ಕೂ ಹಾಲು ಕಡಿಮೆಯಿರುವ ತಾಯಂದಿರಿದ್ದಾರೆ. ಅವರ ಸಂಖ್ಯೆ ಕಡಿಮೆ, ಆದರೆ ಇದ್ದಾರೆ. ಅವರ ಮಕ್ಕಳಿಗೆ ಪುಡಿಹಾಲು ಔಷಧದಷ್ಟೇ ಅವಶ್ಯ, ಅದರಲ್ಲಿ ನಾಚಿಕೆಗೆ ಎಡೆಯಿಲ್ಲ. ಈ ಒಂದು ಮಾತು ನಮ್ಮ ಲೇಖನದಲ್ಲಿ ಇರಲೇ ಇಲ್ಲ.

ಆಸ್ಪತ್ರೆಯ ಹೊಣೆಯ ಬಗ್ಗೆ ನೀವು ಏನೂ ಬರೆದಿಲ್ಲ, ನಾನು ಬರೆಯುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಸೇರಿದ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಹೇಳಿಕೊಡಬಲ್ಲವರು ಸುತ್ತ ಇರುವಾಗಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಗಂಟೆ ತಪ್ಪಿಹೋದರೆ, ಅದಕ್ಕೆ ಚೊಚ್ಚಲ ಬಾಣಂತಿಯನ್ನು ಹೇಗೆ ಹೊಣೆ ಮಾಡುವುದು? ಡಬ್ಬಿಹಾಲಿನ ಜಾಹೀರಾತನ್ನೂ, ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವುದನ್ನೂ 1992ರ ಕಾಯ್ದೆಯೇ ನಿಷೇಧಿಸಿದೆ. ವೈದ್ಯಕೀಯ ಕಾರಣವನ್ನು ತಿಳಿಸದೆ ಪುಡಿಹಾಲು ಬರೆದುಕೊಟ್ಟರೆ, ಏಕೆಂದು ಕೇಳುವ ಹಕ್ಕು ನಿಮಗಿದೆ.

ಮಗಳು ಖಾಸಗಿ ಕಂಪನಿಯ ಕೆಲಸಕ್ಕೆ ಹಿಂತಿರುಗಬೇಕೆಂದು ಬರೆದಿದ್ದೀರಿ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದರು. ಹೆರಿಗೆಗೆ ಮುಂಚೆಯೇ ಅದರಲ್ಲಿ ಎಂಟು ವಾರ ಬಳಸಿಕೊಂಡಿದ್ದರೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳಿಗೆ ಬೀಳುವ ಕೊರತೆಯನ್ನು ಹಿಂಡಿಟ್ಟ ಹಾಲಿನಿಂದ ತುಂಬಬಹುದು: ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆಯವರೆಗೆ, ಫ್ರಿಜ್ಜಿನಲ್ಲಿ ಒಂದು ದಿನ ಅದು ಕೆಡುವುದಿಲ್ಲ. ಕೂಲಿಗೆ ಹೋಗುವ ಹೆಂಗಸರಿಗೆ ಈ ರಜೆಯೂ ಇಲ್ಲ, ಫ್ರಿಜ್ಜೂ ಇಲ್ಲ. ಅವರ ಕಷ್ಟವನ್ನು ಬೇರೆಯಾಗಿಯೇ ಬರೆಯಬೇಕು.

ಕಡೆಯದಾಗಿ, ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿಯನ್ನು ನಮ್ಮ ಲೇಖನ ಓದಿ ನಿಲ್ಲಿಸಿದ್ದೇವೆ ಎಂದಿದ್ದೀರಿ. ಅದನ್ನು ಇಂದೇ ಮತ್ತೆ ಆರಂಭಿಸಿ. ‘ಎದೆಹಾಲು ಮಾತ್ರ’ ಎಂಬ ನಿಯಮ ವೈದ್ಯರು ಹೇಳಿದ ಹನಿಗೂ ಔಷಧಿಗೂ ಅನ್ವಯಿಸುವುದಿಲ್ಲ.

ಸಂಪಾದಕಿ