ಬೆಳ್ಳಿ ಕಾಯಿನ್ ಮಾರೋಕೆ ಹೊರಟಿದೀರಾ? ಕಟಿಂಗ್, ಟ್ಯಾಕ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಬೆಳ್ಳಿ ಕೆಜಿಗೆ ಲಕ್ಷ ದಾಟಿದ್ಮೇಲೆ ಈ ಅಂಕಣಕ್ಕೆ ಬರೋ ಪ್ರಶ್ನೆಗಳೇ ಬದಲಾಗಿವೆ. ಮುಂಚೆ ಎಫ್‌ಡಿ, ಎಲ್‌ಐಸಿ ಅಂತ ಕೇಳ್ತಿದ್ದೋರೆಲ್ಲ ಈಗ ಬೀರುವಿನಲ್ಲಿರೋ ಕಾಯಿನ್ ಬಗ್ಗೆ ಕೇಳ್ತಿದಾರೆ. ಎಲ್ರಿಗೂ ಟ್ಯಾಕ್ಸ್ ಭಯ. ನಂಗೆ ಕೇಳಿದ್ರೆ ಟ್ಯಾಕ್ಸಿಗಿಂತ ಮುಂಚೆ ಅಂಗಡಿ ಕೌಂಟರ್ ಮೇಲೆ ಹೋಗೋ ದುಡ್ಡಿನ ಬಗ್ಗೆ ಯೋಚನೆ ಮಾಡಿ ಅಂತೀನಿ, ಯಾಕೆ ಅಂತ ಮೊದಲನೇ ಉತ್ತರದಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಸರ್, 2019ರ ದೀಪಾವಳಿಗೆ ನಮ್ಮನೆಯವರು ಬೋನಸ್ ದುಡ್ಡಲ್ಲಿ 50 ಗ್ರಾಮಿನ ಹತ್ತು ಲಕ್ಷ್ಮೀ ಕಾಯಿನ್ ತಂದು ನಂಗೆ ಕೊಟ್ರು. 999 (ಅಂದ್ರೆ 99.9% ಬೆಳ್ಳಿ) ಅಂತ ಇದೆ, ಪ್ಯಾಕ್ ಬಿಚ್ಚಿಲ್ಲ, ಬಿಲ್ 26,000. ಈಗ ಮಗಳ ಕಾಲೇಜು ಫೀಸಿಗೆ ಮಾರೋಣ ಅಂತ ಹೋದ್ರೆ ಅಂಗಡಿಯವರು ಜಿಎಸ್‌ಟಿ, ಟಂಚ್ (ಶುದ್ಧತೆ), ಮೆಲ್ಟಿಂಗ್ (ಕರಗಿಸೋ) ಚಾರ್ಜ್ ಅಂತೆಲ್ಲ ಹೇಳಿ ಬೋರ್ಡ್ ರೇಟಿಗಿಂತ ಒಂಬತ್ತು ಸಾವಿರಕ್ಕೂ ಜಾಸ್ತಿ ಕಮ್ಮಿ ಹೇಳ್ತಿದಾರೆ. ಇದರ ಮೇಲೆ ಇನ್‌ಕಮ್ ಟ್ಯಾಕ್ಸ್ ಬೇರೆ ಇದೆಯಂತೆ, ಹೌದಾ? — ಗೃಹಿಣಿ, ದಾವಣಗೆರೆ

ಉತ್ತರ: ಮೇಡಂ, ನಿಮ್ಮ ಊರಿನ ಇವತ್ತಿನ ರೇಟು ಬೇರೆ ಇರಬಹುದು, ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಗ್ರಾಮಿಗೆ 200 ರೂಪಾಯಿ ಅಂತ ಇಟ್ಕೊಳ್ಳೋಣ. ಬೆಳ್ಳಿಗೆ ಜಿಎಸ್‌ಟಿ 3%, ಹಂಗಾಗಿ ಅಂಗಡಿಯವರು ಜಿಎಸ್‌ಟಿ ಸೇರಿಸಿ ಬೋರ್ಡ್ ಹಾಕಿದ್ರೆ ಅದು 206 ತೋರಿಸುತ್ತೆ, ನೀವು ಮನೇಲಿ ಕೂತು 500 ಗ್ರಾಮಿಗೆ 1,03,000 ಅಂತ ಲೆಕ್ಕ ಹಾಕ್ಕೊಂಡು ಹೋಗ್ತೀರಾ. ಆ 3,000 ನಿಮಗೆ ಬರಲ್ಲ, ಅದು ಸರ್ಕಾರದ್ದು, ನೀವು 2019ರಲ್ಲಿ ಕಟ್ಟಿದ ಜಿಎಸ್‌ಟಿ ಕೂಡ ವಾಪಸ್ ಬರಲ್ಲ. ಇಲ್ಲಿವರೆಗೆ ಅಂಗಡಿಯವರು ಹೇಳೋದು ಸರಿ. ಆದ್ರೆ ಮನೆಮಂದಿ ತಮ್ಮ ಹಳೇ ಬೆಳ್ಳಿ ಮಾರಿದ್ರೆ ಅದು ವ್ಯಾಪಾರ ಅಲ್ಲ, ಮಾರೋರ ಹತ್ರ ಜಿಎಸ್‌ಟಿ ಹಿಡಿಯೋಕೆ ಕಾನೂನಲ್ಲಿ ಜಾಗನೇ ಇಲ್ಲ. 206ರಿಂದ 200ಕ್ಕೆ ಇಳಿಸಿದ್ಮೇಲೆ ಆ 200ರಲ್ಲಿ ಮತ್ತೊಂದ್ಸಲ "ಜಿಎಸ್‌ಟಿ ಕಟ್ಟಿಂಗ್" ಅಂತ ಬರೆದ್ರೆ ಅಲ್ಲೇ ಪೆನ್ನು ಇಟ್ಟು ಯಾಕೆ ಅಂತ ಕೇಳಿ.

ಈಗ ಮಿಕ್ಕಿದ್ದು. 1,00,000ದಲ್ಲಿ ಟಂಚ್ 98 ಅಂತ ಹಿಡಿದ್ರೆ 98,000. ಅದ್ರಲ್ಲಿ ಅಂಗಡಿ ಮಾರ್ಜಿನ್ 4% ಅಂದ್ರೆ 3,920 ಹೋಗಿ 94,080. ಮೆಲ್ಟಿಂಗಿಗೆ 500 ತೆಗೆದ್ರೆ ಕೈಗೆ 93,580. ನೀವು ಹೇಳಿದ ಒಂಬತ್ತು ಸಾವಿರ ಚಿಲ್ರೆ ಹೆಚ್ಚುಕಮ್ಮಿ ಹಿಂಗೇ ಆಗಿರುತ್ತೆ. ಇದ್ರಲ್ಲಿ ಮಾರ್ಜಿನ್ ಅವರ ಹೊಟ್ಟೆಪಾಡು, ಒಪ್ಕೋಬೇಕು, ಆದ್ರೆ ಅದು ಅಂಗಡಿಯಿಂದ ಅಂಗಡಿಗೆ ಬೇರೆ ಬೇರೆ ಇರುತ್ತೆ, ಎರಡ್ಮೂರು ಕಡೆ ಕೇಳಿದ್ರೆ ಒಂದೆರಡು ಪರ್ಸೆಂಟ್ ಇಳಿಯುತ್ತೆ. ಟಂಚ್ ಮಾತ್ರ ಸುಮ್ನೆ ಒಪ್ಕೋಬೇಡಿ. ತಾವೇ 999 ಅಂತ ಮಾರಿದ ಕಾಯಿನ್ ಈಗ 98 ಹೆಂಗಾಯ್ತು? ಎಕ್ಸ್‌ಆರ್‌ಎಫ್ ಅನ್ನೋ ಶುದ್ಧತೆ ಅಳೆಯೋ ಮಷೀನಲ್ಲಿ ಇಡಿ ಅನ್ನಿ, ಒಂದೆರಡು ನಿಮಿಷದಲ್ಲಿ ಸ್ಕ್ರೀನ್ ಮೇಲೆ ನಂಬರ್ ಬರುತ್ತೆ, ಆ ಪ್ರಿಂಟ್ ಕೇಳಿ ಇಸ್ಕೊಳ್ಳಿ. ಸೀಲ್ ಬಿಚ್ಚದ ಕಾಯಿನ್ನಿಗೆ ಮೆಲ್ಟಿಂಗ್ ಚಾರ್ಜ್ ಅನ್ನೋದೂ ಅಷ್ಟೆ, ಎಷ್ಟೋ ಸಲ ಅದನ್ನ ಕರಗಿಸೋದೇ ಇಲ್ಲ, ಒರೆಸಿ ಹೊಸ ಡಬ್ಬಿಗೆ ಹಾಕಿ ಮುಂದಿನ ಧನತ್ರಯೋದಶಿಗೆ ಶೋಕೇಸಲ್ಲಿ ಇಡ್ತಾರೆ. ಇನ್ನೊಂದು, ರೇಟು ಬರೆದು ಕೊಡೋವರೆಗೂ ಪ್ಲಾಸ್ಟಿಕ್ ಕಾರ್ಡ್ ಹರಿಯೋಕೆ ಬಿಡ್ಬೇಡಿ, ಹರಿದ್ರೆ ಇನ್ನೊಂದು ಅಂಗಡಿಗೆ ಹೋದಾಗ ಅದೇ ನೆಪ ಆಗುತ್ತೆ. ತೂಕದ ಹೊತ್ತಿಗೆ ತಕ್ಕಡಿ ಸೊನ್ನೆ ತೋರಿಸ್ತಿದೆಯಾ ನೋಡಿ. ಲಕ್ಷ್ಮಿಗೆ ಕೆಂಪು ಹಸಿರು ಬಣ್ಣ ಹಚ್ಚಿರೋ ಕಾಯಿನ್ ಆದ್ರೆ ಬಣ್ಣದ ತೂಕ ಅಂತ ಸ್ವಲ್ಪ ತೆಗೀತಾರೆ, ಅದರಲ್ಲಿ ನ್ಯಾಯ ಇದೆ. ಅಂದಹಾಗೆ ಬ್ಯಾಂಕಲ್ಲಿ ತಗೊಂಡಿದ್ರೂ ಬ್ಯಾಂಕಿಗೆ ಮಾರಬಹುದು ಅನ್ಕೋಬೇಡಿ, ಬ್ಯಾಂಕ್‌ಗಳು ಕಾಯಿನ್ ಮಾರ್ತವೆ, ವಾಪಸ್ ತಗೊಳ್ಳಲ್ಲ.

ಇನ್‌ಕಮ್ ಟ್ಯಾಕ್ಸಿಗೆ ಬರೋಣ. ಟ್ಯಾಕ್ಸ್ ಬೀಳೋದು ಲಾಭದ ಮೇಲೆ, ಸಿಕ್ಕಿದ ಪೂರ್ತಿ ದುಡ್ಡಿನ ಮೇಲಲ್ಲ. 93,580ರಲ್ಲಿ 26,000 ಕಳೆದ್ರೆ ಲಾಭ 67,580. 24 ತಿಂಗಳಿಗಿಂತ ಜಾಸ್ತಿ ಇಟ್ಕೊಂಡಿದ್ರಿಂದ ಲಾಂಗ್ ಟರ್ಮ್, 12.5%, ಅದರ ಮೇಲೆ 4% ಸೆಸ್, ಒಟ್ಟು ಸುಮಾರು 8,785 ರೂಪಾಯಿ. 2024ರ ಜುಲೈ 23ಕ್ಕಿಂತ ಮುಂಚೆ ಇದು 36 ತಿಂಗಳು, 20%, ಜೊತೆಗೆ ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಹೆಚ್ಚಿಸೋದು) ಅಂತ ಇತ್ತು, ಹಳೇ ವಿಡಿಯೋ ನೋಡಿ ಆ ಲೆಕ್ಕ ಹಾಕ್ಬೇಡಿ.

ನಂಗೆ ಬೇರೆ ಆದಾಯ ಇಲ್ವಲ್ಲ, ಟ್ಯಾಕ್ಸ್ ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಸ್ವಂತ ದುಡ್ಡಲ್ಲಿ ತಗೊಂಡಿದ್ರೆ ಆ ಮಾತು ನಿಜ, ಹೊಸ ರೆಜೀಮಲ್ಲಿ ಮೊದಲ 4 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ, ಭಾರತದಲ್ಲೇ ಇರೋರು ಬೇರೆ ಆದಾಯ ಇಲ್ದಿದ್ರೆ ಈ ಲಾಭನ ಅದರೊಳಗೆ ಸೇರಿಸ್ಕೋಬಹುದು, ಟ್ಯಾಕ್ಸ್ ಸೊನ್ನೆ. ಆದ್ರೆ ನಿಮ್ಮನೆಯವರು ಅವರ ಬೋನಸ್ಸಲ್ಲಿ ತಂದು ಕೊಟ್ಟಿದಾರೆ. ಗಂಡ ಹೆಂಡತಿಗೆ ಗಿಫ್ಟ್ ಕೊಟ್ರೆ ಆ ಗಿಫ್ಟಿಗೆ ಟ್ಯಾಕ್ಸ್ ಇಲ್ಲ, ಆದ್ರೆ ಅದನ್ನ ಮಾರಿ ಬಂದ ಲಾಭ ಗಂಡನ ಆದಾಯಕ್ಕೇ ಸೇರುತ್ತೆ, ಕ್ಲಬ್ಬಿಂಗ್ ಅಂತಾರೆ. ಅವರಿಗೆ ಸಂಬಳ ಇದೆ, ಆ 4 ಲಕ್ಷ ಅಲ್ಲೇ ಖರ್ಚಾಗಿರುತ್ತೆ. 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತಾರಲ್ಲ, ಆ ರಿಬೇಟು ಇಂಥ ಸ್ಪೆಷಲ್ ರೇಟಿನ ಲಾಭಕ್ಕೆ ಸಿಗಲ್ಲ. ಹಂಗಾಗಿ 8,785 ಅವರ ರಿಟರ್ನಲ್ಲಿ ಕಟ್ಟಬೇಕು. ಆದ್ರೂ ಒಂದ್ಸಲ ನೋಡಿ, ಬೋರ್ಡ್ ಲೆಕ್ಕದ 1,03,000ಕ್ಕೂ ಕೈಗೆ ಬರೋ 93,580ಕ್ಕೂ ನಡುವೆ ಕೌಂಟರ್ ಮೇಲೆ ಹೋಗ್ತಿರೋದು 9,420, ಟ್ಯಾಕ್ಸಿಗಿಂತ ಜಾಸ್ತಿ, ಅದೂ ಲಾಭ ಇರ್ಲಿ ನಷ್ಟ ಇರ್ಲಿ ಹೋಗುತ್ತೆ.

ಪ್ರಶ್ನೆ: ಅಜ್ಜಿ ತೀರಿಕೊಂಡ್ಮೇಲೆ ಪೆಟ್ಟಿಗೇಲಿ 40 ಬೆಳ್ಳಿ ರೂಪಾಯಿ ಸಿಕ್ತು, ವಿಕ್ಟೋರಿಯಾ ರಾಣಿದು, ಎಡ್ವರ್ಡ್‌ದು, ಜಾರ್ಜ್‌ದು ಎಲ್ಲ ಇದೆ. ಪ್ರತಿ ವರ್ಷ ಲಕ್ಷ್ಮೀ ಪೂಜೆಗೆ ಇಡ್ತಿದ್ರು. ಪೂಜೆ ಸಾಮಾನಿಗೆ ಟ್ಯಾಕ್ಸ್ ಇಲ್ಲ ಅಂತ ನಮ್ಮ ಮಾವ ಅಂತಾರೆ. ಬಿಲ್ ಅಂತೂ ಇಲ್ಲ. — ಶಿರಸಿ

ಉತ್ತರ: ನಿಮ್ಮ ಮಾವನ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಬಂದಿದೆ. ರಾಜಸ್ಥಾನದ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಅವರು ಚಿನ್ನದ ಸವರನ್, ಬೆಳ್ಳಿ ನಾಣ್ಯ, ಬೆಳ್ಳಿ ಗಟ್ಟಿ ಮಾರಿ, ಇದೆಲ್ಲ ಮಹಾಲಕ್ಷ್ಮಿ ಪೂಜೆಗೆ ಇಡ್ತಿದ್ದಿದ್ದು, ನಮ್ಮ ಸ್ವಂತ ಬಳಕೆ ಸಾಮಾನು ಅಂತ ವಾದ ಮಾಡಿದ್ರು. 1976ರಲ್ಲಿ ಕೋರ್ಟು ಒಪ್ಪಲಿಲ್ಲ, ವರ್ಷಕ್ಕೊಂದ್ಸಲ ಪೂಜೇಲಿ ಇಟ್ಟ ಮಾತ್ರಕ್ಕೆ ಅದು ದಿನಬಳಕೆ ವಸ್ತು ಆಗಲ್ಲ ಅಂತು. ಮಹಾರಾಜರಿಗೇ ಸಿಗದೆ ಇದ್ದಿದ್ದು ನಮ್ಮ ನಿಮ್ಮ ಪೆಟ್ಟಿಗೆಗೆ ಸಿಗೋದು ಕಷ್ಟ.

ಬಿಲ್ ಇಲ್ದಿದ್ರೆ ಚಿಂತೆ ಇಲ್ಲ. ಆಸ್ತಿ ಬಂದ್ಹಾಗೆ ಬಂದಿರೋದ್ರಿಂದ ಪಡೆದಾಗ ಟ್ಯಾಕ್ಸ್ ಇಲ್ಲ, ಅಜ್ಜಿ ಇಟ್ಕೊಂಡಿದ್ದ ಕಾಲನೂ ನಿಮ್ಮ ಲೆಕ್ಕಕ್ಕೆ ಬರುತ್ತೆ ಅಂದ್ಮೇಲೆ ಲಾಂಗ್ ಟರ್ಮೇ. ಅಜ್ಜಿ ಹತ್ರ 2001ಕ್ಕೆ ಮುಂಚೆಯಿಂದ ಇತ್ತು ಅಂದ್ರೆ 2001ರ ಏಪ್ರಿಲ್ 1ರ ಮಾರ್ಕೆಟ್ ಬೆಲೆನೇ ನಿಮ್ಮ ಖರೀದಿ ಬೆಲೆ ಅಂತ ತಗೋಬಹುದು. ಖುಷಿ ಪಡೋ ಅಂಥದ್ದೇನಿಲ್ಲ, ಆಗ ಬೆಳ್ಳಿ ಕೆಜಿಗೆ ಹತ್ತು ಸಾವಿರನೂ ಇರಲಿಲ್ಲ. ಆದ್ರೂ ಒಬ್ಬ ರಿಜಿಸ್ಟರ್ಡ್ ವ್ಯಾಲ್ಯೂಯರ್ ಹತ್ರ ಸರ್ಟಿಫಿಕೇಟ್ ಮಾಡಿಸಿಟ್ಕೊಳ್ಳಿ. ನೀವೊಬ್ಬರೇ ವಾರಸುದಾರರಾ, ಅಥವಾ ಚಿಕ್ಕಪ್ಪ ಅತ್ತೆ ಅಂತ ಪಾಲುದಾರರು ಇದಾರಾ ಅನ್ನೋದೂ ಮಾರೋಕೆ ಮುಂಚೆನೇ ಇತ್ಯರ್ಥ ಆಗ್ಲಿ, ಲಾಭನೂ ಪಾಲಿನ ಪ್ರಕಾರನೇ ಹಂಚಿಕೆ ಆಗೋದು.

ನಾನು ನೀವಾಗಿದ್ರೆ ಮೊದಲು ಇಸವಿ ಪ್ರಕಾರ ಬೇರೆ ಬೇರೆ ಮಾಡ್ತಿದ್ದೆ. ಆ ಕಾಲದ ರೂಪಾಯಿ ಒಂದು ತೊಲ, ಅಂದ್ರೆ 11.66 ಗ್ರಾಂ, ಅದ್ರಲ್ಲಿ 91.7% ಬೆಳ್ಳಿ, ಹಂಗಾಗಿ ಒಂದರಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ ಸಿಗುತ್ತೆ, ಸವೆದಿದ್ರೆ ಸ್ವಲ್ಪ ಕಮ್ಮಿ. ಆರನೇ ಜಾರ್ಜ್‌ನ 1940ರಿಂದ 45ರವರೆಗಿನ ರೂಪಾಯೀಲಿ ಬೆಳ್ಳಿ ಅರ್ಧಕ್ಕೆ ಇಳೀತು, 1947ರದ್ದು ಬರೀ ನಿಕಲ್. ಎಲ್ಲ ಒಂದೇ ರಾಶಿ ಹಾಕಿ ಕೊಟ್ರೆ ಅಂಗಡಿಯವರು ಪೂರ್ತಿ ರಾಶಿಗೆ ಕಮ್ಮಿ ಟಂಚ್ ಹಿಡಿಯೋದು ಗ್ಯಾರಂಟಿ. ಅಪರೂಪದ ಇಸವಿ, ಟಂಕಸಾಲೆ ಗುರುತು ಇದ್ರೆ ಬೆಳ್ಳಿ ಬೆಲೆಗಿಂತ ಸಂಗ್ರಹಕಾರರು ಜಾಸ್ತಿ ಕೊಡ್ತಾರೆ, ಅದಕ್ಕೇ ಹುಣಸೆಹಣ್ಣು, ಟೂತ್‌ಪೇಸ್ಟು ಅಂತ ಉಜ್ಜಿ ಹೊಳಪು ಮಾಡೋಕೆ ಮಾತ್ರ ಹೋಗ್ಬೇಡಿ, ಉಜ್ಜಿದ ನಾಣ್ಯ ಅವರು ಮುಟ್ಟಲ್ಲ.

ಹಾಗೇ ಫೋನಲ್ಲಿ ಯಾರಾದ್ರೂ ನಿಮ್ಮ ರಾಣಿ ಕಾಯಿನ್ನಿಗೆ ಲಕ್ಷಗಟ್ಟಲೆ ಕೊಡ್ತೀವಿ, ಆರ್‌ಬಿಐ ಚಾರ್ಜು, ಕಮಿಷನ್ನು, ಟ್ಯಾಕ್ಸು ಮೊದಲು ಹಾಕಿ ಅಂದ್ರೆ ಕಟ್ ಮಾಡಿ. ತಮ್ಮ ಹೆಸರು, ಲೋಗೋ ಇಟ್ಕೊಂಡು ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ಫೀಸು ಕೇಳ್ತಿದಾರೆ, ನಾವು ಇಂಥ ಯಾವ ಫೀಸೂ ಕೇಳಲ್ಲ ಅಂತ ಆರ್‌ಬಿಐ 2021ರ ಆಗಸ್ಟಲ್ಲೇ ಹೇಳಿದೆ. ಮಾರೋಕೆ ಮುಂಚೆನೇ ಕಟ್ಟೋ ಟ್ಯಾಕ್ಸ್ ಅಂತ ಯಾವುದೂ ಇಲ್ಲ.

ಪ್ರಶ್ನೆ: ಒಂದೂವರೆ ಕೆಜಿ ಇದೆ. ಬಿಲ್ ಇಲ್ದೆ ಕ್ಯಾಶ್ ಆದ್ರೆ ಪರ್ಸೆಂಟ್ ಜಾಸ್ತಿ ಕೊಡ್ತೀನಿ, ಎರಡು ದಿನಕ್ಕೆ ಭಾಗ ಮಾಡಿ ತಗೊಳ್ಳಿ ಅಂತಾರೆ. ರಿಸ್ಕ್ ಯಾರದ್ದು? — ಹುಬ್ಬಳ್ಳಿ

ಉತ್ತರ: ನಿಮ್ಮದು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಇಸ್ಕೊಂಡ್ರೆ ದಂಡ ಬೀಳೋದು ಇಸ್ಕೊಂಡೋರ ಮೇಲೆ, ಅದೂ ಇಸ್ಕೊಂಡಷ್ಟೇ ದಂಡ. ಒಂದೇ ವ್ಯವಹಾರನ ಎರಡು ದಿನ ಮಾಡಿದ್ರೂ ಅದು ಒಂದೇ ವ್ಯವಹಾರ. ದಿನಕ್ಕೆ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಆ ಖರ್ಚು ಅಂಗಡಿಯವರಿಗೂ ಲೆಕ್ಕದಲ್ಲಿ ಸಿಗಲ್ಲ, ಅದಕ್ಕೇ ಸರಿಯಾಗಿ ಪುಸ್ತಕ ಬರೆಯೋರು ಬ್ಯಾಂಕಿಗೇ ಹಾಕ್ತಾರೆ. ಕ್ಯಾಶೇ ಕೊಡ್ತೀನಿ ಅನ್ನೋನು ಆ ಬೆಳ್ಳಿನ ಪುಸ್ತಕದಲ್ಲೇ ತೋರಿಸ್ತಿಲ್ಲ ಅಂತ ಅರ್ಥ, ನಾಳೆ ಏನಾದ್ರೂ ತಕರಾರಾದ್ರೆ ನಿಮ್ಮ ಹತ್ರ ಮಾರಿದ್ದಕ್ಕೇ ಸಾಕ್ಷಿ ಇರಲ್ಲ. ಪರ್ಚೇಸ್ ವೋಚರ್ ಕೇಳಿ, ಅದ್ರಲ್ಲಿ ತೂಕ, ಟಂಚ್, ರೇಟು, ಕಟಿಂಗ್ ಬೇರೆ ಬೇರೆ ಇರ್ಲಿ. 2 ಲಕ್ಷ ದಾಟಿದ್ರೆ ಪ್ಯಾನ್ ಕೇಳ್ತಾರೆ, ಕೊಡಿ.

ಪ್ರಶ್ನೆ: ಮಾರೋದ್ರ ಬದಲು ಕಾಯಿನ್ ಕೊಟ್ಟು ಬೆಳ್ಳಿ ದೀಪ ತಗೊಂಡ್ರೆ ಟ್ಯಾಕ್ಸ್ ತಪ್ಪುತ್ತಾ? — ಮೈಸೂರು

ಉತ್ತರ: ತಪ್ಪಲ್ಲ. ಎಕ್ಸ್‌ಚೇಂಜ್ ಕೂಡ ಮಾರಿದ ಹಾಗೇ, ಲಾಭ ಲೆಕ್ಕ ಹಾಕ್ಬೇಕು. ಜಿಎಸ್‌ಟಿಯಲ್ಲೂ ಜನ ಮೋಸ ಆಯ್ತು ಅನ್ಕೊಳ್ಳೋದು ಇಲ್ಲೇ: ದೀಪ 1,20,000, ನಿಮ್ಮ ಕಾಯಿನ್ನಿಗೆ 94,000 ಹಿಡಿದ್ರು, ಮೇಲೆ ಕೊಡೋದು 26,000 ಅಂದ್ರೂ ಜಿಎಸ್‌ಟಿ ಪೂರ್ತಿ 1,20,000ದ ಮೇಲೆ 3,600. ಮೇಕಿಂಗ್ ಚಾರ್ಜ್ ಬೇರೆ ಇರುತ್ತೆ, ಮುಂದೆ ಆ ದೀಪ ಮಾರೋಕೆ ಹೋದ್ರೆ ಮೇಕಿಂಗಿನ ಒಂದು ಪೈಸೆನೂ ಬರಲ್ಲ. ದೀಪ ಬೇಕಾಗಿದ್ರೆ ತಗೊಳ್ಳಿ, ಟ್ಯಾಕ್ಸ್ ಉಳಿಸೋಕೆ ಅಂತ ಬೇಡ.

ಪ್ರಶ್ನೆ: ದುಡ್ಡು ನಾಲ್ಕು ತಿಂಗಳಿಗೆ ಮಾತ್ರ ಬೇಕು. ಬೆಳ್ಳಿ ಮೇಲೆ ಲೋನ್ ಸಿಗುತ್ತಾ? — ತುಮಕೂರು

ಉತ್ತರ: ಬೆಳ್ಳಿ ಒಡವೆ, ಕಾಯಿನ್ ಅಡ ಇಟ್ಕೊಂಡು ಲೋನ್ ಕೊಡೋಕೆ ಆರ್‌ಬಿಐ 2025ರಲ್ಲೇ ನಿಯಮ ಮಾಡಿದೆ, ಜಾರಿಗೆ ಕೊನೇ ಗಡುವು ಅಂತ ಇಟ್ಟಿದ್ದು 2026ರ ಏಪ್ರಿಲ್ 1. ಒಬ್ಬರಿಗೆ ಕಾಯಿನ್ ಆದ್ರೆ 500 ಗ್ರಾಂವರೆಗೆ, ಒಡವೆ ಆದ್ರೆ 10 ಕೆಜಿವರೆಗೆ, ಗಟ್ಟಿ ಬೆಳ್ಳಿ ಬಾರ್ ತಗೊಳ್ಳಲ್ಲ. ಎರಡೂವರೆ ಲಕ್ಷದೊಳಗಿನ ಲೋನಿಗೆ ಬೆಲೆಯ 85%ವರೆಗೆ ಕೊಡಬಹುದು. ಕೊಡಬಹುದು ಅಂದ್ರೆ ಪ್ರತಿ ಬ್ರಾಂಚೂ ಕೊಡುತ್ತೆ ಅಂತಲ್ಲ, ಹೋಗೋಕೆ ಮುಂಚೆ ಫೋನ್ ಮಾಡಿ, ಪ್ರೊಸೆಸಿಂಗ್ ಫೀಸು, ಅಪ್ರೈಸರ್ ಚಾರ್ಜು ಎಷ್ಟು ಅಂತನೂ ಕೇಳಿ. ನಾಲ್ಕು ತಿಂಗಳ ಬಡ್ಡಿ ಒಂದು ಕಡೆ, ಮಾರಿದ್ರೆ ಹೋಗೋ ಕಟಿಂಗು, ಮತ್ತೆ ತಗೊಳ್ಳುವಾಗ ಕಟ್ಟೋ 3% ಜಿಎಸ್‌ಟಿ, ಮೇಕಿಂಗು ಇನ್ನೊಂದು ಕಡೆ ಬರೆದು ನೋಡಿ, ನಿಮ್ಮ ಅವಧಿಗೆ ಲೋನೇ ಅಗ್ಗ ಬೀಳೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ನ್ಯೂಜೆರ್ಸಿಲಿದೀನಿ, ಅಮೆರಿಕನ್ ಸಿಲ್ವರ್ ಈಗಲ್ ಅನ್ನೋ ಬೆಳ್ಳಿ ಕಾಯಿನ್ ಇದೆ. ಇಲ್ಲಿ ಮಾರಿದ್ರೆ ಶೇರಿನ ಥರಾನೇ ಟ್ಯಾಕ್ಸಾ?

ಉತ್ತರ: ಅಲ್ಲ. ಬೆಳ್ಳಿ ಕಾಯಿನ್ನನ್ನ ಅಲ್ಲಿ ಕಲೆಕ್ಟಿಬಲ್ (ಸಂಗ್ರಹದ ವಸ್ತು) ಅಂತ ಹಿಡೀತಾರೆ, ವರ್ಷಕ್ಕಿಂತ ಜಾಸ್ತಿ ಇಟ್ಕೊಂಡಿದ್ರೆ ಫೆಡರಲ್ ಟ್ಯಾಕ್ಸ್ ಗರಿಷ್ಠ 28%, ನಿಮ್ಮ ಸ್ಲ್ಯಾಬು ಅದಕ್ಕಿಂತ ಕಮ್ಮಿ ಇದ್ರೆ ಕಮ್ಮಿನೇ. ರಾಜ್ಯದ ಟ್ಯಾಕ್ಸ್ ಬೇರೆ. ತಗೊಂಡಾಗ ಸ್ಪಾಟ್ ರೇಟಿನ (ಆ ಹೊತ್ತಿನ ಬೆಳ್ಳಿ ಮಾರ್ಕೆಟ್ ರೇಟು) ಮೇಲೆ ಕೊಟ್ಟ ಪ್ರೀಮಿಯಂ ಕೂಡ ಖರೀದಿ ಬೆಲೆಗೆ ಸೇರುತ್ತೆ, ಆ ರಸೀದಿ ಎಸೀಬೇಡಿ. ಊರಿಗೆ ತಂದು ಮಾರೋಣ ಅಂದ್ರೆ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡಿ ಡ್ಯೂಟಿ ಕಟ್ಟಬೇಕು, ಲೆಕ್ಕ ಕೂಡಲ್ಲ.

ಪ್ರಶ್ನೆ: ಲಾಭ ಬಂದಿದ್ದನ್ನ ಯಾವ ಫಾರ್ಮಲ್ಲಿ ತೋರಿಸ್ಬೇಕು? — ಮಂಗಳೂರು

ಉತ್ತರ: ವ್ಯಾಪಾರ ಇಲ್ದೆ ಇರೋ ಸಂಬಳದಾರರಿಗೆ, ಪಿಂಚಣಿದಾರರಿಗೆ ಐಟಿಆರ್-2, ಐಟಿಆರ್-1ರಲ್ಲಿ ಬೆಳ್ಳಿ ಲಾಭ ತೋರಿಸೋಕೆ ಆಗಲ್ಲ. ಟಿಡಿಎಸ್ ಕಳೆದು ವರ್ಷದ ಟ್ಯಾಕ್ಸು 10,000 ಅಥವಾ ಜಾಸ್ತಿ ಬಾಕಿ ಬೀಳೋ ಹಾಗಿದ್ರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿ, ಮಾರಿದ್ಮೇಲೆ ಬರೋ ಕಂತಲ್ಲಿ ಕಟ್ಟಿದ್ರೆ ಸಾಕು, ಕೊನೇ ಕಂತು ಮಾರ್ಚ್ 15. ಅರವತ್ತು ದಾಟಿ ವ್ಯಾಪಾರ ಇಲ್ದೋರಿಗೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ, ರಿಟರ್ನ್ ಹಾಕೋವಾಗ ಕಟ್ಟಿದ್ರೆ ಆಯ್ತು. ನಿಮ್ಮ ಪತ್ರದಲ್ಲಿ ಪ್ರತಿ ತಿಂಗಳು ತಗೊಂಡು ಮಾರ್ತೀನಿ ಅಂತಾನೂ ಇತ್ತು, ಹಂಗಾದ್ರೆ ಈ 12.5% ಮಾತು ನಿಮಗೆ ಅನ್ವಯ ಆಗೋದು ಅನುಮಾನ, ಅದು ವ್ಯಾಪಾರ, ಲಾಭ ಸ್ಲ್ಯಾಬ್ ರೇಟಿಗೆ ಹೋಗುತ್ತೆ, ವರ್ಷದ ವಹಿವಾಟು 40 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ನೂ ಬೇಕು, ಆಗ ಐಟಿಆರ್-2 ಅಲ್ಲ, ಐಟಿಆರ್-3 ಹಿಡ್ಕೊಂಡು ಒಬ್ಬ ಆಡಿಟರ್ ಹತ್ರ ಕೂತ್ಕೊಳ್ಳಿ.